ಮಲೆನಾಡಿನ ವಿದ್ಯಾರ್ಥಿಯೂ ಗಣಕಶಾಸ್ತ್ರದ ಮೊದಲ ಪಾಠಗಳೂ

ಸಕಲೇಶಪುರ, ಆಲೂರು ತಾಲ್ಲೂಕುಗಳ ಬೆಟ್ಟಸೀಮೆಯಿಂದ ಗಣಕಶಾಸ್ತ್ರವನ್ನು ಕಲಿಯಲೆಂದು ಕಾಲೇಜುಗಳಿಗೆ ಹೋಗುವ ತರುಣ ತರುಣಿಯರಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಅಲ್ಲಿ ಅವರಿಗೆ ಮೊದಲು ಪ್ರೋಗ್ರಾಮು ಬರೆಯುವುದನ್ನೂ, ಅದರ ಬೆನ್ನಿಗೆ ದತ್ತಾಂಶಗಳನ್ನು ಯಂತ್ರದ ಜ್ಞಾಪಕದಲ್ಲಿ ಅಣಿಗೊಳಿಸುವ ಬಗೆಗಳನ್ನೂ ಕಲಿಸಲಾಗುತ್ತದೆ. ಈ ಎರಡನೆಯದಕ್ಕೆ ದತ್ತಾಂಶ ರಚನೆಯೆಂದು ಹೆಸರು. ಇಡೀ ಶಾಸ್ತ್ರಕ್ಕೆ ಈ ಎರಡು ಪಾಠಗಳೇ ತಳಹದಿ. ಆ ತಳಹದಿಯನ್ನೇ ಅರ್ಥಮಾಡಿಕೊಳ್ಳದೆ ಬಾಯಿಪಾಠ ಮಾಡುವ ಪದ್ಧತಿಯು ನಮ್ಮಲ್ಲಿ ಬೇರೂರಿರುವುದು ಶೋಚನೀಯ. ಪರೀಕ್ಷೆಗೆ ಬರಬಹುದಾದ ಕೆಲವು ಪ್ರೋಗ್ರಾಮುಗಳನ್ನು ಅರ್ಧವಿರಾಮ ಸಹಿತವಾಗಿ ಕಂಠಸ್ಥ ಮಾಡಿ, ಒಪ್ಪಿಸಿ, ತೇರ್ಗಡೆಯಾಗಿ, ಮರುದಿನ ಮರೆತುಬಿಡುವ ವಿದ್ಯಾರ್ಥಿಯನ್ನು ನಾವು ದೂರಲಾರೆವು. ಅವನಿಗೆ ಬುದ್ಧಿಯ ಕೊರತೆಯಿಲ್ಲ. ತನಗೆ ತಿಳಿಯದುದನ್ನು ಎದ್ದು ನಿಂತು ಕೇಳುವುದಕ್ಕೆ ಬೇಕಾದ ಮಾತಿನ ಕೊರತೆಯುಂಟು. ಅವನ ಕಣ್ಣೆದುರಿನ ಲೋಕವನ್ನು ಪಾಠದೊಳಕ್ಕೆ ತರುವವರ ಕೊರತೆಯಂತೂ ಇನ್ನೂ ಹೆಚ್ಚು.

ಸ್ಟ್ಯಾಕು ಎಂಬುದೊಂದು ರಚನೆಯಿದೆ. ಕೊನೆಗೆ ಇಟ್ಟುದನ್ನು ಮೊದಲು ತೆಗೆಯಬೇಕೆಂಬುದೇ ಅದರ ನಿಯಮ. ಪರದೇಶದ ಪುಸ್ತಕಗಳು ಇದನ್ನು ಉಪಾಹಾರಗೃಹದ ತಟ್ಟೆಗಳ ಪೇರಿಕೆಯಿಂದ ವಿವರಿಸುತ್ತವೆ. ದೋಣಿಗಾಲಿನ ಹುಡುಗನಿಗೆ ತಟ್ಟೆಗಳೇಕೆ? ಅವನ ಮನೆಯ ಹತ್ತಿರವೇ ಘಟ್ಟದ ರೈಲು ಹಾದುಹೋಗುತ್ತದೆ. ೧೯೭೯ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮಾರ್ಗದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು ೫೫ ಕಿಲೋಮೀಟರುಗಳ ಇಳಿಜಾರು. ಅದರಲ್ಲಿ ೫೭ ಸುರಂಗಗಳು. ಇಂತಹ ಒಂಟಿ ಹಳಿಯ ನಿಲ್ದಾಣವೊಂದರಲ್ಲಿ ಒಂದು ಕೊನೆ ಮುಚ್ಚಿದ ಪಕ್ಕದ ಹಳಿಯಿದೆಯೆಂದು ಭಾವಿಸೋಣ. ಗೂಡ್ಸು ಗಾಡಿಯ ಮೂರು ಡಬ್ಬಿಗಳನ್ನು ೧, ೨, ೩ ಎಂಬ ಕ್ರಮದಲ್ಲಿ ಅದರೊಳಕ್ಕೆ ತಳ್ಳಿ ಬಳಿಕ ಎಳೆದರೆ ೩, ೨, ೧ ಎಂದು ತಿರುಗುಮುರುಗಾಗಿ ಬರುತ್ತವೆ. ನಡುನಡುವೆ ಒಂದೊಂದನ್ನು ಹೊರಕ್ಕೆ ತೆಗೆದರೆ ಬೇರೆ ಕ್ರಮಗಳೂ ದೊರೆಯುತ್ತವೆ. ಆದರೆ ೩, ೧, ೨ ಎಂಬ ಕ್ರಮವು ಮಾತ್ರ ಎಷ್ಟು ಹೆಣಗಿದರೂ ದೊರೆಯದು. ಏಕೆಂದರೆ ಮೂರನೆಯದು ಮೊದಲು ಹೊರಬರುವ ವೇಳೆಗೆ ಎರಡನೆಯದು ಒಂದನೆಯದರ ದಾರಿಗೆ ಅಡ್ಡಲಾಗಿ ನಿಂತಿರುತ್ತದೆ. ಇಷ್ಟು ತಿಳಿದವನಿಗೆ ಸ್ಟ್ಯಾಕನ್ನು ಕುರಿತು ಬಾಯಿಪಾಠ ಮಾಡಬೇಕಾದುದು ಏನೂ ಉಳಿಯದು. ಈ ಹೋಲಿಕೆಯು ನಮ್ಮ ಕಲ್ಪನೆಯೂ ಅಲ್ಲ. ಡೊನಾಲ್ಡ್ ಕ್ನೂತ್ ಎಂಬ ಪಂಡಿತರು ೧೯೬೮ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸ್ಟ್ಯಾಕನ್ನು ರೈಲುಹಳಿಯ ಚಿತ್ರದಿಂದಲೇ ತೋರಿಸಿದರು. ಡೈಕ್‌ಸ್ಟ್ರಾ ಅವರು ೧೯೬೧ರಲ್ಲಿ ಗಣಿತವಾಕ್ಯಗಳನ್ನು ಯಂತ್ರಕ್ಕೆ ಅನುಕೂಲವಾಗಿ ಜೋಡಿಸುವ ತಮ್ಮ ಕ್ರಮಕ್ಕೆ ರೈಲಿನ ಷಂಟಿಂಗ್ ಯಾರ್ಡಿನ ಹೆಸರನ್ನೇ ಇಟ್ಟರು.

ಇನ್ನು ಅದೇ ನಿಲ್ದಾಣದ ಹಲಗೆಯ ಮೇಲಿರುವ ಹೆಸರನ್ನು ತೆಗೆದುಕೊಳ್ಳೋಣ. ಪದವೊಂದರ ಅಕ್ಷರಗಳನ್ನು ಒಂದೊಂದಾಗಿ ಸ್ಟ್ಯಾಕಿಗೆ ತಳ್ಳಿ ಹಿಂದೆಗೆದು ತಲೆಕೆಳಗು ಮಾಡುವುದು ಮೊದಲ ವರ್ಷದವರ ನಿತ್ಯದ ಅಭ್ಯಾಸ. ಇಂಗ್ಲಿಷು ಪದವಾದರೆ ತೊಡಕಿಲ್ಲ. ‘ಸಕಲೇಶಪುರ’ ಎಂದು ಕೊಟ್ಟರೋ, ‘ರಪುಶಲೇಕಸ’ ಎಂದು ಬರಬೇಕಾದಲ್ಲಿ ‘ರುಪಶೇಲಕಸ’ ಎಂದು ಬರುತ್ತದೆ! ಪಕಾರದ ಕೊಂಬು ರಕಾರಕ್ಕೂ, ಲಕಾರದ ಏತ್ವವು ಶಕಾರಕ್ಕೂ ಹಾರಿಬಿಟ್ಟಿವೆ. ಕಾರಣವು ಸರಳವಾದುದು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳು ಮೀಸಲಾದವು. ಅದರಲ್ಲಿ ವ್ಯಂಜನಕ್ಕೊಂದು ಸ್ಥಾನ, ಸ್ವರಚಿಹ್ನೆಗೆ ಇನ್ನೊಂದು. ನಾವು ಆರು ಅಕ್ಷರಗಳೆಂದು ಓದುವ ಈ ಹೆಸರು ಯಂತ್ರಕ್ಕೆ ಎಂಟು ಸಂಕೇತಗಳು. ಈಗ ರೂಢಿಯಲ್ಲಿರುವ ಯು.ಟಿ.ಎಫ್.–೮ ಬರಹದಲ್ಲಿ ಇಪ್ಪತ್ತನಾಲ್ಕು ಬೈಟುಗಳು. ‘ಆಲೂರು’ ಎಂಬುದು ನಮಗೆ ಮೂರು, ಯಂತ್ರಕ್ಕೆ ಐದು. ವ್ಯಂಜನವನ್ನೂ ಅದರ ಚಿಹ್ನೆಯನ್ನೂ ಕೊಂಡಿ ಹಾಕಿದ ಎರಡು ಡಬ್ಬಿಗಳಂತೆ ಒಟ್ಟಿಗೆ ತಳ್ಳಬೇಕೆಂಬುದನ್ನು ಪ್ರೋಗ್ರಾಮು ಬರೆಯುವವನೇ ಯಂತ್ರಕ್ಕೆ ಹೇಳಬೇಕು.

ಇದು ಬರಿಯ ವಿನೋದವೆಂದು ನಮ್ಮ ವಾಚಕರು, ಅದರಲ್ಲಿಯೂ ಕಚೇರಿಗಳಲ್ಲಿರುವ ಮಹನೀಯರು, ಭಾವಿಸಲಾಗದು. ಪಹಣಿಯಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೆ ರೈತನು ಎಷ್ಟು ಸಾರಿ ತಾಲ್ಲೂಕು ಕಚೇರಿಯ ಮೆಟ್ಟಿಲೇರಬೇಕೆಂಬುದನ್ನು ಅವರು ಬಲ್ಲರು. ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿ ಎರಡು ದಶಕಗಳು ಸಂದಿವೆ. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಆಚೆಗಿದ್ದರೆ, ಯೂನಿಕೋಡಿನಲ್ಲಿ ಅದು ಲಕಾರದ ಮಗ್ಗುಲಿಗೇ ಇದೆ. ಸಂಕೇತಗಳ ಕ್ರಮವನ್ನೇ ನಂಬಿ ಪಟ್ಟಿಯನ್ನು ಜೋಡಿಸಿದರೆ ಬಾವಿಗಿಂತ ಮುಂಚೆ ಬಾಳೆ ಬರುತ್ತದೆ. ನಿಘಂಟಿನ ಕ್ರಮದಲ್ಲಿ ಹುಡುಕುವವನಿಗೆ ಇದ್ದ ಹೆಸರೂ ಕಾಣದೆ ಹೋಗಬಹುದು. ಕನ್ನಡದ ಈ ಗುಣವನ್ನು ಅರಿತು ಪ್ರೋಗ್ರಾಮು ಬರೆಯತಕ್ಕವರು ಕನ್ನಡ ಬಲ್ಲ ಮಕ್ಕಳಲ್ಲದೆ ಮತ್ತಾರು? ಅವರನ್ನೇ ತರಗತಿಯ ಹಿಂದಿನ ಬೆಂಚಿನಲ್ಲಿ ಮೂಕರನ್ನಾಗಿ ಕೂರಿಸಿದ್ದೇವೆ.

ಮಕ್ಕಳು ಬಹುವಾಗಿ ಎಡವುವ ಇನ್ನೊಂದು ಸ್ಥಳವೆಂದರೆ ಒಂದು ವಿಧಿಯು ತನ್ನನ್ನು ತಾನೇ ಕರೆಯುವ ಕ್ರಮ, ಎಂದರೆ ರಿಕರ್ಷನ್. ಇದಕ್ಕೆ ಹೇಮಾವತಿಗಿಂತ ಒಳ್ಳೆಯ ಗುರುವು ದೊರೆಯಲಾರಳು. ಮೂಡಿಗೆರೆಯ ಬೆಟ್ಟಗಳಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಬರುವ ಈ ನದಿಯನ್ನು ಗೊರೂರಿನ ಬಳಿ ಯಗಚಿಯು ಕೂಡುತ್ತದೆ. ಮುಂದೆ ಹೇಮಾವತಿಯು ಕಾವೇರಿಯನ್ನು ಸೇರುತ್ತದೆ. ನದಿಯೊಂದರ ನೀರೆಷ್ಟು? ತನ್ನ ದಡದಲ್ಲಿ ಬಿದ್ದ ಮಳೆ, ಜೊತೆಗೆ ತನ್ನನ್ನು ಕೂಡುವ ಒಂದೊಂದು ಉಪನದಿಯ ನೀರು. ಆ ಉಪನದಿಯ ನೀರೆಷ್ಟು? ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಯಾವ ಹಳ್ಳವೂ ಬಂದು ಕೂಡದ ಬುಗ್ಗೆಯನ್ನು ಮುಟ್ಟಿದಾಗ ಪ್ರಶ್ನೆಯು ನಿಲ್ಲುತ್ತದೆ. ಅಲ್ಲಿಂದ ಉತ್ತರಗಳು ಕೂಡುತ್ತ ಕೂಡುತ್ತ ಕೆಳಗಿಳಿದು ಬರುತ್ತವೆ. ನಿಲ್ಲುವ ಆ ಸ್ಥಳವನ್ನು ಬರೆಯಲು ಮರೆತವನ ಪ್ರೋಗ್ರಾಮು ಇಲ್ಲದ ಬುಗ್ಗೆಯನ್ನು ಅರಸುತ್ತ ಯಂತ್ರದ ಜ್ಞಾಪಕವನ್ನೆಲ್ಲ ತಿಂದು ಕೆಡೆಯುತ್ತದೆ. ಪ್ರತಿಯೊಂದು ಹಳ್ಳವೂ ಮುಂದಿನ ಒಂದೇ ಹೊಳೆಗೆ ಸೇರುವುದರಿಂದ ಈ ರಚನೆಗೆ ಶಾಸ್ತ್ರದಲ್ಲಿ ವೃಕ್ಷವೆಂದು ಹೆಸರು. ಇದಕ್ಕೂ ಮುಂಚಿನ ಪಾಠವಾದ ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಎಂಬ ಷರತ್ತನ್ನು ಬಿಸಿಲೆಯ ದಾರಿಯ ಮಂಕನಹಳ್ಳಿಯ ಏಣಿನಲ್ಲಿ ನಿಂತು ನೋಡಬಹುದು: ಅಲ್ಲಿ ಪಡುವಲಿಗೆ ಹರಿದ ಮಳೆಹನಿಯು ಅರಬ್ಬೀ ಸಮುದ್ರಕ್ಕೆ, ಮೂಡಲಿಗೆ ಹರಿದುದು ಬಂಗಾಳ ಕೊಲ್ಲಿಗೆ.

ಕಾಫಿಯ ಮಾತನ್ನು ಬಿಟ್ಟರೆ ಈ ಸೀಮೆಯವರು ನಮ್ಮನ್ನು ಕ್ಷಮಿಸರು. ಸಾವಿರ ವಸ್ತುಗಳನ್ನು ಪ್ರತಿಯೊಂದನ್ನೂ ಉಳಿದ ಪ್ರತಿಯೊಂದರೊಡನೆ ಹೋಲಿಸಿ ಜೋಡಿಸಹೊರಟರೆ ೪,೯೯,೫೦೦ ಹೋಲಿಕೆಗಳಾಗುತ್ತವೆ. ಫಾನ್ ನಾಯ್ಮನ್ನರು ೧೯೪೫ರಲ್ಲಿ ಕಂಡುಹಿಡಿದಂತೆ ಪಟ್ಟಿಯನ್ನು ಇಬ್ಭಾಗಿಸಿ, ಜೋಡಿಸಿ, ಬೆಸೆದರೆ ಹತ್ತು ಸಾವಿರದೊಳಗೆ ಮುಗಿಯುತ್ತದೆ. ಕಾಫಿಯನ್ನು ಹಸನು ಮಾಡುವ ಕಾರ್ಖಾನೆಯ ಜರಡಿಯಾದರೋ ಕಾಳನ್ನು ಕಾಳಿನೊಡನೆ ಹೋಲಿಸುವುದೇ ಇಲ್ಲ. ರಂಧ್ರದ ಅಳತೆಯಿಂದಲೇ ದಪ್ಪಕಾಳು, ನಡುಕಾಳು, ಸಣ್ಣಕಾಳುಗಳನ್ನು ಬೇರೆ ಬೇರೆ ರಾಶಿಗೆ ಬೀಳಿಸುತ್ತದೆ. ಬೆಲೆಗಳ ಮೇರೆಯು ಮೊದಲೇ ತಿಳಿದಿದ್ದಾಗ ಹೋಲಿಕೆಯಿಲ್ಲದೆಯೂ ವಿಂಗಡಿಸಬಹುದೆಂಬ ಸೂಕ್ಷ್ಮವು ಇದರಲ್ಲಿದೆ. ತೋಟದ ರೈಟರ ಮಗಳಿಗೆ ಇದನ್ನು ಯಾರೂ ಎರಡನೆಯ ಸಾರಿ ಹೇಳಬೇಕಾಗಿಲ್ಲ.

ಇಂತಹ ಶಾಸ್ತ್ರವಿಷಯವನ್ನು ಕನ್ನಡವು ತಾಳಲಾರದೆಂದು ಹೇಳುವವರು ಇಂದಿಗೂ ಉಂಟು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದುದನ್ನು ಅವರು ಮರೆತಿರಬೇಕು. ೨೦೦೮ರಲ್ಲಿ ಹೊರಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ ‘ತೂಕ’, ‘ಕೂಲಿ’ ಎಂದು ಕನ್ನಡದ ಹೆಸರುಗಳನ್ನೇ ಇಟ್ಟು ಲೆಕ್ಕ ಮಾಡಿಸಬಹುದು. ‘೪೫’ ಎಂದು ಕನ್ನಡದ ಅಂಕಿಗಳಲ್ಲಿ ಕೊಟ್ಟುದನ್ನೂ ಅದು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಡಾ. ಯು. ಬಿ. ಪವನಜ ಅವರು ಮಕ್ಕಳಿಗೆಂದು ರಚಿತವಾದ ಲೋಗೋ ಭಾಷೆಯನ್ನು ಕನ್ನಡಕ್ಕೆ ಅಳವಡಿಸಿ ತೋರಿಸಿದ್ದಾರೆ. ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೨೦೨೧ರಲ್ಲಿ ಅನುಮತಿಯನ್ನೂ ಕೊಟ್ಟಿತು. ಅನುಮತಿಯೊಂದರಿಂದಲೇ ಪಾಠ ನಡೆಯದು. ಪುಸ್ತಕ ಬೇಕು, ಉಪಾಧ್ಯಾಯರ ಮನಸ್ಸು ಬೇಕು. ಇಂಗ್ಲಿಷನ್ನು ಓಡಿಸಿರೆಂದು ನಾವು ಹೇಳುತ್ತಿಲ್ಲ. ಸ್ಟ್ಯಾಕು ಸ್ಟ್ಯಾಕೆಂದೇ ಇರಲಿ. ಉದ್ಯೋಗಕ್ಕೆ ಇಂಗ್ಲಿಷು ಬೇಕಾಗುವುದೂ ದಿಟವೇ. ವಿವರಣೆಯು ಮಾತ್ರ ಕನ್ನಡದಲ್ಲಿ ನಡೆಯಲಿ, ಮೊದಲ ವರ್ಷದ ಉತ್ತರಗಳನ್ನು ಕನ್ನಡದಲ್ಲಿ ಬರೆಯುವುದಕ್ಕೆ ಅವಕಾಶವಿರಲಿ, ಮೇಲೆ ಹೇಳಿದಂತಹ ಉದಾಹರಣೆಗಳುಳ್ಳ ಒಂದು ಕೈಪಿಡಿಯನ್ನು ವಿಶ್ವವಿದ್ಯಾನಿಲಯದವರು ಅಚ್ಚು ಹಾಕಿಸಲಿ ಎಂಬುದು ನಮ್ಮ ಒತ್ತಾಯ.

ಯಂತ್ರಗಳಿಲ್ಲ, ಇದ್ದರೂ ಮುಂಗಾರಿನಲ್ಲಿ ವಿದ್ಯುತ್ತು ನಿಲ್ಲದು ಎಂಬ ಸಮಾಧಾನವನ್ನು ನಾವು ಒಪ್ಪುವುದಿಲ್ಲ. ಅಂತಹ ದಿನ ಉಪಾಧ್ಯಾಯರು ಮೇಜಿನ ಮೇಲೆ ನಾಲ್ಕು ಬೆಂಕಿಪೊಟ್ಟಣಗಳನ್ನು ಇಟ್ಟು, ಅವುಗಳನ್ನು ಎಡಕುಮೇರಿಯ ಡಬ್ಬಿಗಳೆಂದು ಕರೆದು, ಪಕ್ಕದ ಹಳಿಯೊಂದರಿಂದ ಯಾವ ಯಾವ ಕ್ರಮಗಳು ದೊರೆಯುವುವೆಂದು ಕೇಳಲಿ. ಇಪ್ಪತ್ತನಾಲ್ಕರಲ್ಲಿ ಹದಿನಾಲ್ಕು ಮಾತ್ರ ದೊರೆಯುತ್ತವೆ. ಉಳಿದ ಹತ್ತು ಏಕೆ ದೊರೆಯವೆಂಬುದನ್ನು ಮಕ್ಕಳೇ ಹೇಳಲಿ.