ಕ್ರಿಸ್ಮಸ್ ದ್ವೀಪ

ಕ್ರಿಸ್ಮಸ್ ದ್ವೀಪವು ಹಿಂದೂ ಮಹಾಸಾಗರದಲ್ಲಿರುವ, ಆಸ್ಟ್ರೇಲಿಯಾಕ್ಕೆ ಸೇರಿದ ಒಂದು ಪುಟ್ಟ ಪ್ರಾಂತ್ಯ. ಇದರ ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ಆಸ್ಟ್ರೇಲಿಯಾದ ಪರ್ತ್ ನಗರವು ಇಲ್ಲಿಂದ ಸುಮಾರು 2,600 ಕಿ.ಮೀ. ದೂರದಲ್ಲಿದ್ದರೆ, ಇಂಡೋನೇಷ್ಯಾದ ಜಾವಾ ದ್ವೀಪವು ಸುಮಾರು 350 ಕಿ.ಮೀ. ಉತ್ತರಕ್ಕಿದೆ. 2021ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 1,692. ಚೀನೀ, ಮಲಯ ಮತ್ತು ಐರೋಪ್ಯ ಮೂಲದವರು ಹೆಚ್ಚಾಗಿದ್ದಾರೆ. ಪೆಸಿಫಿಕ್ ಸಾಗರದ ಕಿರಿಬಾಟಿ ದೇಶದಲ್ಲಿಯೂ ಇದೇ ಹೆಸರಿನ ಬೇರೊಂದು ದ್ವೀಪವಿದೆ.

ಇತಿಹಾಸ

ಈಸ್ಟ್ ಇಂಡಿಯಾ ಕಂಪನಿಯ ನಾವಿಕ ವಿಲಿಯಂ ಮೈನರ್ಸ್ 1643ರ ಡಿಸೆಂಬರ್ 25ರಂದು ಈ ದ್ವೀಪದ ಸಮೀಪ ಹಾದುಹೋದುದರಿಂದ ಇದಕ್ಕೆ ಈ ಹೆಸರು ಬಂದಿತು. ಮುಂದೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಇಲ್ಲಿ ಯಾರೂ ನೆಲೆಸಲಿಲ್ಲ. ಮಣ್ಣಿನಲ್ಲಿ ಫಾಸ್ಫೇಟ್ ಇರುವುದು ತಿಳಿದ ಕೂಡಲೆ, 1888ರಲ್ಲಿ, ಬ್ರಿಟನ್ ಇದನ್ನು ವಶಪಡಿಸಿಕೊಂಡಿತು. ಗಣಿಗೆಂದು ಕರೆತಂದ ಚೀನೀ ಕೂಲಿಕಾರರಲ್ಲಿ ನೂರಾರು ಮಂದಿ ಮೊದಲ ಕೆಲವು ವರ್ಷಗಳಲ್ಲೇ ಬೆರಿಬೆರಿ ರೋಗಕ್ಕೆ ಬಲಿಯಾದರು.

ಎರಡನೆಯ ಮಹಾಯುದ್ಧದ ಒಂದು ಪ್ರಸಂಗ ಭಾರತಕ್ಕೂ ಸಂಬಂಧಿಸಿದ್ದು. 1942ರ ಮಾರ್ಚ್‌ನಲ್ಲಿ ದ್ವೀಪದ ಕಾವಲಿಗಿದ್ದ ಪಂಜಾಬಿ ಸೈನಿಕರು ದಂಗೆಯೆದ್ದು ಐವರು ಬ್ರಿಟಿಷ್ ಸೇನಾ ಸಿಬ್ಬಂದಿಯನ್ನು ಕೊಂದರು. ಅದೇ ತಿಂಗಳ ಕೊನೆಯಲ್ಲಿ ಜಪಾನೀ ಪಡೆ ಪ್ರತಿರೋಧವಿಲ್ಲದೆ ಬಂದಿಳಿಯಿತು. ಯುದ್ಧಾನಂತರ ಐವರು ಸೈನಿಕರಿಗೆ ವಿಧಿಸಿದ ಮರಣದಂಡನೆಯನ್ನು, ಭಾರತ ಮತ್ತು ಪಾಕಿಸ್ತಾನ ಸರ್ಕಾರಗಳ ಮನವಿಯ ಬಳಿಕ, ಜೀವಾವಧಿ ಶಿಕ್ಷೆಗೆ ಇಳಿಸಲಾಯಿತು. 1958ರ ಅಕ್ಟೋಬರ್ 1ರಂದು ದ್ವೀಪವು ಆಸ್ಟ್ರೇಲಿಯಾಕ್ಕೆ ಹಸ್ತಾಂತರವಾಯಿತು.

ಕೆಂಪು ಏಡಿಗಳ ವಲಸೆ

ದ್ವೀಪದ ಶೇ. 63ರಷ್ಟು ಭಾಗ ರಾಷ್ಟ್ರೀಯ ಉದ್ಯಾನ. ಇಲ್ಲಿನ ಕಾಡಿನ ಬಿಲಗಳಲ್ಲಿ ಕೋಟಿಗಟ್ಟಲೆ ಕೆಂಪು ಏಡಿಗಳು ವಾಸಿಸುತ್ತವೆ. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಮೊದಲ ಮಳೆ ಬೀಳುತ್ತಲೇ ಇವು ಕಡಲಿನತ್ತ ಹೊರಡುತ್ತವೆ. ಗಂಡುಗಳು ಮೊದಲು ತಲುಪಿ ಬಿಲ ತೋಡುತ್ತವೆ. ಮಿಲನದ ನಂತರ ಅವು ಕಾಡಿಗೆ ಮರಳಿದರೆ, ಹೆಣ್ಣುಗಳು ಸುಮಾರು ಎರಡು ವಾರ ಮೊಟ್ಟೆಗಳನ್ನು ಹೊತ್ತು ಅಲ್ಲಿಯೇ ಉಳಿಯುತ್ತವೆ. ಮೊಟ್ಟೆಗಳನ್ನು ನೀರಿಗೆ ಬಿಡುವ ಗಳಿಗೆಯನ್ನು ಚಂದ್ರನೇ ನಿಶ್ಚಯಿಸುತ್ತಾನೆ: ನಮ್ಮ ಪಂಚಾಂಗದ ಲೆಕ್ಕದಲ್ಲಿ ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು, ನಸುಕಿಗೆ ಮುನ್ನ, ಭರತ ಇಳಿಯುವ ಹೊತ್ತು. ಒಂದು ಹೆಣ್ಣು ಒಂದು ಲಕ್ಷದವರೆಗೂ ಮೊಟ್ಟೆಗಳನ್ನಿಡಬಲ್ಲದು. ಆದರೂ ಅನೇಕ ವರ್ಷಗಳಲ್ಲಿ ಕಡಲಿನಿಂದ ಮರಿಗಳು ಹಿಂತಿರುಗುವುದೇ ಇಲ್ಲ ಅಥವಾ ಅತಿ ಕಡಿಮೆ ಹಿಂತಿರುಗುತ್ತವೆ.

ಏಡಿಗಳು ಉದುರಿದ ಎಲೆ ಮತ್ತು ಸಸಿಗಳನ್ನು ತಿನ್ನುವುದರಿಂದ ಕಾಡಿನ ನೆಲ ಗುಡಿಸಿಟ್ಟಂತೆ ಇರುತ್ತದೆ. ಹೊರಗಿನಿಂದ ಬಂದ ಹಳದಿ ಇರುವೆಗಳು ಈ ವ್ಯವಸ್ಥೆಯನ್ನೇ ಕದಡಿದವು. ಅರಗಿನ ಹುಳುವಿನ ಕುಟುಂಬಕ್ಕೆ ಸೇರಿದ ಕೀಟ ಸ್ರವಿಸುವ ಸಿಹಿ ದ್ರವವನ್ನು ಉಂಡು ಬೆಳೆದ ಈ ಇರುವೆಗಳು, ಫಾರ್ಮಿಕ್ ಆಮ್ಲವನ್ನು ಚಿಮ್ಮಿಸಿ ಕೋಟಿಗೂ ಮೀರಿದ ಏಡಿಗಳನ್ನು ಕೊಂದಿವೆಯೆಂದು ಅಂದಾಜಿಸಲಾಗಿದೆ. ಏಡಿಗಳಿಲ್ಲದ ಕಡೆ ನೆಲವು ಪೊದೆಗಟ್ಟಿತು. ಇರುವೆಯ ಆಹಾರವನ್ನೇ ಕಡಿಮೆ ಮಾಡಲೆಂದು, ಆ ಕೀಟವನ್ನು ನಾಶಪಡಿಸುವ ಮಲೇಷ್ಯಾದ ಒಂದು ಸೂಕ್ಷ್ಮ ಕಣಜವನ್ನು 2016ರಲ್ಲಿ ಇಲ್ಲಿ ಬಿಡಲಾಯಿತು.

ಇತರ ಜೀವಿಗಳು

ಅಬಟ್ಸ್ ಬೂಬಿ ಎಂಬ ಕಡಲಹಕ್ಕಿ ಈಗ ಗೂಡು ಕಟ್ಟುವುದು ಜಗತ್ತಿನಲ್ಲಿ ಇದೊಂದೇ ದ್ವೀಪದಲ್ಲಿ. ಇಲ್ಲಿಗಷ್ಟೇ ಸೀಮಿತವಾಗಿದ್ದ ಪಿಪಿಸ್ಟ್ರೆಲ್ ಎಂಬ ಚಿಕ್ಕ ಬಾವಲಿ 2009ರ ಆಗಸ್ಟ್ ನಂತರ ಕಾಣಿಸಿಲ್ಲ. ಅದು ಅಳಿದುಹೋಯಿತೆಂದು ಘೋಷಿಸಲಾಗಿದೆ. ನೀಲಿ ಬಾಲದ ಹಾವುರಾಣಿಯು ಕಾಡಿನಿಂದ ಮರೆಯಾಗಿ, ಸಾಕಿ ಬೆಳೆಸಿದ ಸಂತತಿಯಿಂದಷ್ಟೇ ಉಳಿದಿದೆ.

ಕಡಲತೀರಗಳು

ಕರಾವಳಿಯ ಬಹುಭಾಗ ಕಡಿದಾದ ಬಂಡೆಗಳಿಂದ ಕೂಡಿದ್ದು, ಮರಳಿನ ತೀರಗಳು ಕೆಲವೇ ಇವೆ. ಮುಖ್ಯ ಬಂದರಾದ ಫ್ಲೈಯಿಂಗ್ ಫಿಶ್ ಕೋವ್‌ನಲ್ಲಿ ದಡದಿಂದಲೇ ಹವಳದ ದಿಬ್ಬಗಳನ್ನು ನೋಡಬಹುದು. ಡಾಲಿ ಮತ್ತು ಗ್ರೆಟಾ ತೀರಗಳಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುತ್ತವೆ. ಜನವಸತಿಯಿಂದ ದೂರವಿದ್ದರೂ ಗ್ರೆಟಾ ತೀರಕ್ಕೆ ಸಾಗರದ ಪ್ರವಾಹಗಳು ಪ್ಲಾಸ್ಟಿಕ್ ಕಸವನ್ನು ತಂದೊಗೆಯುತ್ತವೆ. ಪ್ರವಾಸಿಗರು ಸಾಮಾನ್ಯವಾಗಿ ಪರ್ತ್‌ನಿಂದ ವಿಮಾನದಲ್ಲಿ ಬರುತ್ತಾರೆ. ಏಡಿಗಳ ವಲಸೆಯ ದಿನಗಳಲ್ಲಿ ಹಲವು ರಸ್ತೆಗಳನ್ನು ಮುಚ್ಚಲಾಗುತ್ತದೆ. ಕೆಲವೆಡೆ ಅವು ದಾಟಲು ರಸ್ತೆಯಡಿಯ ಸುರಂಗಗಳೂ ಸುಮಾರು 5 ಮೀಟರ್ ಎತ್ತರದ ಸೇತುವೆಯೂ ಇವೆ. ತೆರೆದಿರುವ ರಸ್ತೆಗಳಲ್ಲಿ ವಾಹನ ಚಾಲಕರು ಕೆಳಗಿಳಿದು, ಹಲ್ಲುಕೋಲಿನಿಂದ ಏಡಿಗಳನ್ನು ಮೆಲ್ಲನೆ ಬದಿಗೆ ಸರಿಸಿ ಮುಂದೆ ಸಾಗುತ್ತಾರೆ.