ಹೊಸ ಗೀಸರು ಪುಕ್ಕಟೆ, ಕೂಡಿಸುವ ಕೂಲಿ ಯಾರದು?

ನಮ್ಮ ಮನೆಯ ಬಚ್ಚಲಿಗೆ ಗೀಸರು ತಂದು ಕೂಡಿಸಿ ಎಂಟು ತಿಂಗಳು ಕೂಡ ತುಂಬಿರಲಿಲ್ಲ, ಅದರ ಒಳಗಿನ ತೊಟ್ಟಿ ಸೋರತೊಡಗಿತು. ವಾರಂಟಿ ಎರಡು ವರ್ಷದ್ದಿತ್ತು. ದೂರು ಕೊಟ್ಟ ಮೂರನೆಯ ದಿನ ಬಂದ ಮೆಕ್ಯಾನಿಕ್, ಇದು ತಯಾರಿಕೆಯಲ್ಲಿಯೇ ಆಗಿರುವ ದೋಷವೆಂದೂ ದುರಸ್ತಿಯಾಗುವಂತಿಲ್ಲವೆಂದೂ ಬರೆದುಕೊಟ್ಟನು. ಬದಲಿ ಗೀಸರು ಬರುವುದೆಂದು ತಿಳಿದು ಮನೆಮಂದಿಯೆಲ್ಲ ಸಮಾಧಾನಪಟ್ಟೆವು. ಅದು ಬಂದಿತು ಕೂಡ. ಆದರೆ ಪೆಟ್ಟಿಗೆಯನ್ನು ಇಳಿಸಿದವನು, "ಸಾಮಾನು ಅಷ್ಟ ಪುಕ್ಕಟೆರಿ" ಎಂದು ಚೀಟಿಯೊಂದನ್ನು ಮುಂದಿಟ್ಟನು. ಹಳೆಯದನ್ನು ಕಳಚಲು 250, ಹೊಸದನ್ನು ಗೋಡೆಗೆ ಕೂಡಿಸಲು 550, ಪೈಪು ಮತ್ತು ವಾಲ್ವಿಗೆ 350, ಒಟ್ಟು 1,150 ರೂಪಾಯಿ.

"ಅಲ್ಲೋ ತಮ್ಮಾ, ಕೆಟ್ಟದ್ದು ನಿಮ್ಮ ಸಾಮಾನು. ಎರಡೆರಡು ಸಲ ಕೂಲಿ ನಾವ್ಯಾಕ ಕೊಡಬೇಕು?" ಎಂದು ನಮ್ಮ ತಾಯಿಯವರು ಕೇಳಿದರು. "ನನಗ ತಿಂಗಳ ಪಗಾರ ಇಲ್ರೀ ಯವ್ವಾ, ಒಂದು ಕೆಲಸಕ್ಕ ಇಷ್ಟು ಅಂತ ಕೊಡ್ತಾರ" ಎಂದು ಅವನು ತಲೆ ತಗ್ಗಿಸಿದನು. ಅವನ ಮಾತೂ ಸುಳ್ಳಲ್ಲ. ದುಡಿದವನಿಗೆ ಕೂಲಿ ಸಲ್ಲಲೇಬೇಕು. ಆದರೆ ಅದನ್ನು ಸಲ್ಲಿಸಬೇಕಾದವರು ಯಾರು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲ ಸಲದ ಕೂಲಿ ನಮ್ಮದೆಂಬುದರಲ್ಲಿ ತಕರಾರಿಲ್ಲ. ನಮಗೆ ಗೀಸರು ಬೇಕಾಗಿತ್ತು, ಕೊಂಡೆವು, ಕೂಡಿಸಿಕೊಂಡೆವು. ಎರಡನೆಯ ಸಲದ ಖರ್ಚು ಹುಟ್ಟಿದ್ದು ನಮ್ಮ ಅಪೇಕ್ಷೆಯಿಂದಲ್ಲ, ಸಾಮಾನಿನ ದೋಷದಿಂದ. ಮೊದಲ ಸಾಮಾನು ಸರಿಯಾಗಿದ್ದಿದ್ದರೆ ಈ ಖರ್ಚು ಬರುತ್ತಲೇ ಇರಲಿಲ್ಲ.

ಇದೇ ಬಗೆಯ ತಂಟೆ ಜರ್ಮನಿಯ ಮಹಿಳೆಯೊಬ್ಬರಿಗೂ ಒದಗಿ, ಯೂರೋಪಿನ ಅತ್ಯುಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಆಕೆ 367 ಯೂರೋ ಕೊಟ್ಟು ಪಾತ್ರೆ ತೊಳೆಯುವ ಯಂತ್ರವೊಂದನ್ನು ತರಿಸಿಕೊಂಡಿದ್ದರು. ಅಡುಗೆಮನೆಯಲ್ಲಿ ಕೂಡಿಸಿದ ಮೇಲೆ ಯಂತ್ರದಲ್ಲಿ ದುರಸ್ತಿಯಾಗದ ದೋಷವಿರುವುದು ತಿಳಿಯಿತು. ಹಳೆಯದನ್ನು ಕಳಚಿ ಹೊಸದನ್ನು ಕೂಡಿಸಿಕೊಡಿ, ಇಲ್ಲವೆ ಅದರ ಖರ್ಚು ಕೊಡಿ ಎಂದರೆ ಮಾರಾಟಗಾರರು ಒಪ್ಪಲಿಲ್ಲ. ಮನೆಗೆ ನೆಲಹಾಸಿನ ಟೈಲ್ಸು ಹಾಕಿಸಿದ ಬೇರೊಬ್ಬ ಗ್ರಾಹಕರ ಮೊಕದ್ದಮೆಯೊಂದಿಗೆ ಇದನ್ನು ಕೂಡಿಸಿ ವಿಚಾರಿಸಿದ ನ್ಯಾಯಾಲಯವು 2011ರ ಜೂನ್ 16ರಂದು ತೀರ್ಪು ನೀಡಿತು. ಬೆಲೆ ಕೊಟ್ಟ ಗ್ರಾಹಕನು ತನ್ನ ಪಾಲಿನ ಕರಾರನ್ನು ಪೂರೈಸಿದ್ದಾನೆ, ಪೂರೈಸದವನು ಮಾರಾಟಗಾರ. ದೋಷವು ಕಾಣುವ ಮುನ್ನ ಪ್ರಾಮಾಣಿಕವಾಗಿ ಕೂಡಿಸಿಕೊಂಡ ಗ್ರಾಹಕನ ಮೇಲೆ ಮತ್ತೆ ಕಳಚುವ, ಕೂಡಿಸುವ ಹೊರೆ ಬೀಳಬಾರದು. ಕೂಡಿಸಿಕೊಡುವ ಮಾತು ಮೂಲ ಕರಾರಿನಲ್ಲಿ ಇರದಿದ್ದರೂ ಈ ಹೊಣೆ ಮಾರಾಟಗಾರನದೇ ಎಂಬುದು ಅದರ ಸಾರಾಂಶ. ಟೈಲ್ಸಿನ ಬೆಲೆ ಸುಮಾರು 1,382 ಯೂರೋ ಆಗಿದ್ದರೆ ಬದಲಾಯಿಸುವ ವೆಚ್ಚ 5,830 ಯೂರೋ ಆಗುತ್ತಿತ್ತು. ಇಂಥಲ್ಲಿ ಮಾರಾಟಗಾರನ ಹೊರೆಗೆ ನ್ಯಾಯವಾದ ಮಿತಿ ಹಾಕಬಹುದೆಂದೂ ನ್ಯಾಯಾಲಯ ಸೇರಿಸಿತು. 2019ರಲ್ಲಿ ಯೂರೋಪಿನ ಒಕ್ಕೂಟವು ಈ ನಿಯಮವನ್ನು ತನ್ನ ಶಾಸನದಲ್ಲಿಯೇ ಬರೆಯಿತು.

ನಮ್ಮ ದೇಶದ ಕಾನೂನಿನಲ್ಲಿ ಕೂಡಿಸುವ ಕೂಲಿಯ ಬಗ್ಗೆ ಇಷ್ಟು ನೇರವಾದ ವಾಕ್ಯವಿಲ್ಲ. ಆದರೆ ದಾರಿಯೇ ಇಲ್ಲವೆಂದು ತಿಳಿಯಬಾರದು. 1986ರ ಕಾಯ್ದೆಯ ಸ್ಥಾನದಲ್ಲಿ ಬಂದು 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜಿಲ್ಲಾ ಗ್ರಾಹಕ ಆಯೋಗವು ದೋಷ ನಿವಾರಿಸುವಂತೆ, ಬದಲಿ ಸಾಮಾನು ಕೊಡುವಂತೆ, ಹಣ ಮರಳಿಸುವಂತೆ ಆದೇಶಿಸಬಹುದು. ಇದರ ಜೊತೆಗೆ, ಎದುರುಪಕ್ಷದವರ ನಿರ್ಲಕ್ಷ್ಯದಿಂದ ಗ್ರಾಹಕನಿಗಾದ ನಷ್ಟಕ್ಕೆ ಪರಿಹಾರವನ್ನೂ ದೂರಿನ ಖರ್ಚನ್ನೂ ಕೊಡಿಸಬಹುದು. ಇನ್ನು 1872ರಷ್ಟು ಹಳೆಯದಾದ ಕರಾರು ಕಾಯ್ದೆಯ 73ನೆಯ ಕಲಮು, ಕರಾರು ಮುರಿದುದರಿಂದ ಸಹಜವಾಗಿ ಉಂಟಾಗುವ ನಷ್ಟವನ್ನು ಮುರಿದವನೇ ತುಂಬಿಕೊಡಬೇಕೆನ್ನುತ್ತದೆ. ಗೋಡೆಗೆ ಕೂಡಿಸಿಯೇ ಬಳಸಬೇಕಾದ ಸಾಮಾನು ಕೆಟ್ಟದ್ದಾಗಿದ್ದರೆ ಅದನ್ನು ಕಳಚಿ ಮತ್ತೊಂದನ್ನು ಕೂಡಿಸುವ ಖರ್ಚಿಗಿಂತ ಸಹಜವಾದ ನಷ್ಟ ಬೇರಾವುದು?

ವಾರಂಟಿ ಕಾರ್ಡಿನಲ್ಲಿ "ಜೋಡಣಾ ಶುಲ್ಕ ಪ್ರತ್ಯೇಕ" ಎಂದು ಅಚ್ಚಾಗಿರುವುದನ್ನು ಅಂಗಡಿಯವರು ತೋರಿಸುವುದುಂಟು. ವಾರಂಟಿ ಎಂಬುದು ಕಂಪನಿ ತಾನಾಗಿ ಕೊಟ್ಟ ವಚನ. ಕಾನೂನು ಕೊಟ್ಟ ಹಕ್ಕು ಅದರಿಂದ ಪ್ರತ್ಯೇಕ. ಆ ಸಾಲು ಮೊದಲ ಸಲದ ಜೋಡಣೆಗೆ ಹೇಳಿದ್ದೇ ಹೊರತು ಕಂಪನಿಯ ದೋಷದಿಂದಾಗುವ ಎರಡನೆಯ ಜೋಡಣೆಗಲ್ಲವೆಂದು ನಾವು ವಾದಿಸಬಹುದು. ತೀರ ಏಕಪಕ್ಷೀಯವಾದ ಕರಾರನ್ನು ರಾಜ್ಯ ಆಯೋಗದ ಮುಂದೆ ಪ್ರಶ್ನಿಸಲು ಕೂಡ ಹೊಸ ಕಾಯ್ದೆಯಲ್ಲಿ ಅವಕಾಶವಿದೆ.

ಹಾಗೆಂದು ಎಲ್ಲ ಖರ್ಚನ್ನೂ ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ನಮ್ಮ ಪ್ಲಂಬರನೇ ತಪ್ಪಾಗಿ ಕೂಡಿಸಿ ಕೆಡಿಸಿದ್ದರೆ, ಅಥವಾ ಬದಲಿಯ ನೆವದಲ್ಲಿ ನಾವೇ ದೊಡ್ಡ ಅಳತೆಯದನ್ನು ಆರಿಸಿಕೊಂಡಿದ್ದರೆ ಕೇಳಲು ಮುಖವಿರುವುದಿಲ್ಲ. ಬೋರಿನ ಗಡಸು ನೀರಿನಿಂದ ಕೆಟ್ಟಿತೆಂದು ಕಂಪನಿಯವರು ಹೇಳಿದರೆ ಮಾತ್ರ, ಹಾಗೆಂದು ಬರೆದುಕೊಡಿ ಎನ್ನಬೇಕು.

ಗೃಹಸ್ಥರು ಎಡವುವುದು ಕಾಗದಪತ್ರಗಳಲ್ಲಿ. ಸಾಮಾನಿನ ಬಿಲ್ಲನ್ನು ಜೋಪಾನವಾಗಿಟ್ಟವರು ಕೂಡಿಸಿದವನ ರಸೀತಿಯನ್ನು ಕೇಳಿಯೇ ಇರುವುದಿಲ್ಲ. ಮೆಕ್ಯಾನಿಕ್ ಬರೆದ ದೋಷದ ಚೀಟಿಯೇ ಮುಖ್ಯ ಸಾಕ್ಷಿಯಾದ್ದರಿಂದ ಅದರ ಪ್ರತಿಯನ್ನು ತೆಗೆದಿರಿಸಿಕೊಳ್ಳಬೇಕು. ಬದಲಿ ಸಾಮಾನು ಬಂದಾಗ "ಸಂಪೂರ್ಣ ತೃಪ್ತಿಯಾಗಿದೆ" ಎಂಬ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಮಾಡದೆ, "ಜೋಡಣೆಯ ವೆಚ್ಚದ ಬೇಡಿಕೆ ಬಾಕಿ ಇದೆ" ಎಂದು ಕೈಯಿಂದಲೇ ಒಂದು ಸಾಲು ಬರೆದು ಸಹಿ ಹಾಕಬೇಕು. ಸ್ನಾನಕ್ಕೆ ಬಿಸಿನೀರಿಲ್ಲದೆ ಎಷ್ಟು ದಿನ ಕಾಯುವುದು ಎನಿಸಿದರೆ ಹಣ ಕೊಟ್ಟು ರಸೀತಿ ಪಡೆಯಿರಿ. ಆಮೇಲೆ ಕೇಳಲು ಅಡ್ಡಿಯಿಲ್ಲ.

ಸಾವಿರ ರೂಪಾಯಿಗಾಗಿ ಆಯೋಗಕ್ಕೆ ಅಲೆಯಬೇಕೆ ಎಂದು ಹಲವರು ಕೇಳಿಯಾರು. ಎಲ್ಲರೂ ಅಲೆಯಬೇಕೆಂದು ನಾನು ಹೇಳಲಾರೆ. ಮೊದಲು ಕಂಪನಿಗೆ ಪತ್ರ, ಉತ್ತರ ಬಾರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಏರ್‌ಕಂಡಿಷನರಿನಂಥ ಸಾಮಾನಿನಲ್ಲಿ ತಾಮ್ರದ ಕೊಳವೆ, ಗ್ಯಾಸು, ಗೋಡೆ ಕೊರೆಯುವ ಕೆಲಸವೆಲ್ಲ ಸೇರಿ ಮೊತ್ತ ಹಲವು ಸಾವಿರ ದಾಟುವಾಗ ಈ ದಾರಿ ಬೇಕಾಗುತ್ತದೆ.

ನಮಗೆ ಅಷ್ಟು ದೂರ ಹೋಗುವ ಪ್ರಸಂಗ ಬರಲಿಲ್ಲ. ದೋಷದ ಚೀಟಿಯ ಪ್ರತಿಯನ್ನು ಲಗತ್ತಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದ ಹತ್ತನೆಯ ದಿನ ಅದೇ ಮೆಕ್ಯಾನಿಕ್ ಬಂದು, ತನ್ನ ಕೂಲಿ ಕಂಪನಿಯಿಂದಲೇ ಬರುವುದೆಂದು ಹೇಳಿ ಗೀಸರು ಕೂಡಿಸಿದನು. 800 ರೂಪಾಯಿ ಉಳಿಯಿತು. ಪೈಪು ಮತ್ತು ವಾಲ್ವಿನ 350ನ್ನು ನಾವೇ ಕೊಟ್ಟೆವು. ಹಳೆಯದನ್ನು ಕಳಚುವಾಗ ಬಿರುಕು ಬಿಟ್ಟ ಟೈಲ್ಸು ಮಾತ್ರ ಇನ್ನೂ ಹಾಗೆಯೇ ಇದೆ. ಅದನ್ನು ಪತ್ರದಲ್ಲಿ ಬರೆಯಲು ನಾನು ಮರೆತಿದ್ದೆ.