ಜಾತ್ರೆ ಬೀದಿಯ ಆಟಿಕೆಗೆ ಯಾರು ಹೊಣೆ?

ಚೈತ್ರದಲ್ಲಿ ಬೇಲೂರು ಚೆನ್ನಕೇಶವನ ರಥೋತ್ಸವ, ಆಷಾಢದಲ್ಲಿ ಅರಸೀಕೆರೆ ತಾಲೂಕಿನ ಮಾಲೇಕಲ್ಲು ತಿರುಪತಿಯ ಜಾತ್ರೆ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ದರ್ಶನ. ಇವುಗಳ ಜೊತೆಗೆ ಹಳೇಬೀಡಿಗೆ ಬಂದು ಹೋಗುವ ಶಾಲಾ ಪ್ರವಾಸದ ಬಸ್ಸುಗಳು. ಈ ಸೀಮೆಯ ಹಳ್ಳಿ ಮಕ್ಕಳ ಕೈಗೆ ಆಟಿಕೆ ಬರುವುದು ಹೆಚ್ಚಾಗಿ ಇಂಥ ಕಡೆ ಸಾಲುಗಟ್ಟಿ ನಿಲ್ಲುವ ಅಂಗಡಿಗಳಿಂದ, ತಳ್ಳುಗಾಡಿಗಳಿಂದ. ಬಲೂನು, ಪೀಪಿ, ಪ್ಲಾಸ್ಟಿಕ್ ಗುಂಡು ಹಾರಿಸುವ ಪಿಸ್ತೂಲು, ಬಿಲ್ಲುಬಾಣ, ತಿರುಗುತ್ತ ಮಿನುಗುವ ಬುಗುರಿ, ನೀರಿಗೆ ಹಾಕಿದರೆ ಊದಿಕೊಳ್ಳುವ ಬಣ್ಣದ ಮಣಿ ಇವೆಲ್ಲ ಜಾತ್ರೆಯ ಸಂಭ್ರಮದ ಭಾಗವೇ. ಇವುಗಳಿಂದ ಮಗುವಿಗೆ ಪೆಟ್ಟಾದರೆ ಮಾತ್ರ ನಮ್ಮ ಬೆರಳು ಎರಡೇ ದಿಕ್ಕಿಗೆ ತಿರುಗುತ್ತದೆ: ಮಗು ತುಂಟ, ಇಲ್ಲವೇ ತಾಯಿ ಗಮನ ಕೊಡಲಿಲ್ಲ. ಆ ವಸ್ತುವನ್ನು ಮಾಡಿದವರು, ತಂದವರು, ಅದನ್ನು ಮಾರಲು ಜಾಗ ಕೊಟ್ಟವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಆಟಿಕೆಯ ಗಾಯಗಳು ಹೇಗೆ ಆಗುತ್ತವೆ ಎಂಬುದನ್ನು ಒಂದೊಂದಾಗಿ ನೋಡಿದರೆ ಈ ಲೆಕ್ಕ ತಪ್ಪು ಎನ್ನುವುದು ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಬಹುಪಾಲು ವಸ್ತುವಿನಲ್ಲೇ ಅಡಗಿರುವ, ಮೊದಲೇ ಗೊತ್ತಿರುವ, ತಡೆಯಬಹುದಾದ ಅಪಾಯಗಳು. ತಡೆಯಲು ಕಾನೂನೂ ಇದೆ. ಅದನ್ನು ಜಾತ್ರೆಯ ಬೀದಿಗೆ ತರುವ ಕೆಲಸ ಮಾತ್ರ ಬಾಕಿಯಿದೆ.

ಎಲ್ಲಕ್ಕಿಂತ ನಿರಪಾಯ ಅನ್ನಿಸುವ ಬಲೂನಿನಿಂದಲೇ ಶುರುಮಾಡೋಣ. 2024ರ ಡಿಸೆಂಬರ್ ಆರಂಭದಲ್ಲಿ ಉತ್ತರ ಕನ್ನಡದ ಹಳಿಯಾಳ ತಾಲೂಕಿನಲ್ಲಿ ಬಲೂನು ಊದುತ್ತಿದ್ದ 13 ವರ್ಷದ ಬಾಲಕ, ಅದು ಗಂಟಲಿಗೆ ಸಿಕ್ಕಿಕೊಂಡು ಪ್ರಾಣ ಬಿಟ್ಟ. ಊದುವಾಗ ನಡುವೆ ಉಸಿರು ಒಳಗೆಳೆದರೆ ಸಾಕು, ಬಲೂನು ಗಂಟಲೊಳಕ್ಕೆ ಜಾರಬಹುದು. ತೆಳ್ಳನೆಯ ರಬ್ಬರು ಶ್ವಾಸನಾಳದ ಬಾಯಿಗೆ ಅಂಟಿ ಕೂತರೆ ಗಾಳಿ ಹೋಗಲು ಎಳ್ಳಷ್ಟೂ ಸಂದು ಉಳಿಯುವುದಿಲ್ಲ. ಗಟ್ಟಿ ವಸ್ತುವಾದರೆ ಬೆನ್ನಿಗೆ ಗುದ್ದಿದಾಗ ಹೊರಬರುವ ಸಾಧ್ಯತೆ ಹೆಚ್ಚು. ರಬ್ಬರು ಮೆತ್ತಗೆ ಅಲ್ಲೇ ಹರಡಿಕೊಳ್ಳುತ್ತದೆ. ಒಡೆದ ಬಲೂನಿನ ಚೂರನ್ನು ಬಾಯಿಗೆಳೆದು ಗುಳ್ಳೆ ಮಾಡುವ ಆಟದಲ್ಲೂ ಇದೇ ಅಪಾಯ. ಹಾಗಾಗಿಯೇ ಹಲವು ದೇಶಗಳಲ್ಲಿ ಎಂಟು ವರ್ಷದೊಳಗಿನವರ ಕೈಗೆ ಊದದ ಬಲೂನು ಕೊಡಬಾರದೆಂಬ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸುತ್ತಾರೆ. ಪುಟ್ಟ ಮಕ್ಕಳ ಆಟಿಕೆಗೆ ಇನ್ನೊಂದು ಸರಳ ಪರೀಕ್ಷೆಯಿದೆ. ಪ್ರಯೋಗಾಲಯದಲ್ಲಿ 31.7 ಮಿಲಿಮೀಟರ್ ಅಗಲದ ಒಂದು ಚಿಕ್ಕ ಕೊಳವೆ ಇಟ್ಟುಕೊಂಡಿರುತ್ತಾರೆ. ತಳ ಓರೆಯಾಗಿರುವ ಅದರ ಆಳ ಒಂದು ಕಡೆ 25.4, ಇನ್ನೊಂದು ಕಡೆ 57.1 ಮಿ.ಮೀ. ಪುಟ್ಟ ಮಗುವಿನ ಗಂಟಲಿನ ಅಳತೆಗೆ ಮಾಡಿದ್ದು ಅದು. ಆಟಿಕೆ, ಅಥವಾ ಎಳೆದಾಗ, ಬೀಳಿಸಿದಾಗ ಕಳಚಿಬಂದ ಅದರ ಚಕ್ರ, ಕಣ್ಣು, ಗುಂಡಿ ಆ ಕೊಳವೆಯೊಳಗೆ ಪೂರ್ತಿ ಕೂತುಬಿಟ್ಟರೆ ಮೂರು ವರ್ಷದೊಳಗಿನ ಮಕ್ಕಳಿಗೆ ಅದನ್ನು ಮಾರುವಂತಿಲ್ಲ. ತಳ್ಳುಗಾಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕಾರಿನ ಚಕ್ರವನ್ನು ಕೈಯಲ್ಲಿ ಎಳೆದು ನೋಡಿದರೆ, ಎಷ್ಟು ಕಾರುಗಳು ಈ ಪರೀಕ್ಷೆ ದಾಟಿಯಾವು ಎಂಬುದು ಯಾರಿಗಾದರೂ ಅಂದಾಜಾಗುತ್ತದೆ.

ಮಿನುಗುವ ಆಟಿಕೆಯೊಳಗಿನ ಗುಂಡಿ ಬ್ಯಾಟರಿ ಇನ್ನೂ ಕಪಟಿ. ಅದು ವಿಷ ಸೋರಿ ಕೊಲ್ಲುತ್ತದೆ ಎಂದು ಹಲವರು ತಿಳಿದಿದ್ದಾರೆ. ಮುಖ್ಯ ಅಪಾಯ ಅದಲ್ಲ. ನಾಣ್ಯದಂತಿರುವ ಈ ಬಿಲ್ಲೆ ಅನ್ನನಾಳದಲ್ಲಿ ಸಿಕ್ಕಿಕೊಂಡಾಗ ಅದರ ಎರಡೂ ಮುಖಗಳಿಗೆ ಒದ್ದೆ ಮಾಂಸ ತಾಗುತ್ತದೆ, ವಿದ್ಯುತ್ ಹರಿಯತೊಡಗುತ್ತದೆ. ಅದರಿಂದ ಋಣ ತುದಿಯ ಪಕ್ಕದಲ್ಲಿ ಚರಂಡಿ ತೊಳೆಯುವ ಕಾಸ್ಟಿಕ್ ಸೋಡಾದಷ್ಟು ತೀಕ್ಷ್ಣವಾದ ಕ್ಷಾರ ಹುಟ್ಟಿ ಮಾಂಸವನ್ನು ಸುಡುತ್ತದೆ. 20 ಮಿ.ಮೀ. ಅಗಲದ ಲಿಥಿಯಂ ಬ್ಯಾಟರಿ ಎರಡೇ ಗಂಟೆಯೊಳಗೆ ಗಂಭೀರ ಸುಟ್ಟಗಾಯ ಮಾಡಬಲ್ಲದು. ಮೊದಲಿಗೆ ಮಗು ಜೊಲ್ಲು ಸುರಿಸುತ್ತದೆ, ಊಟ ಬೇಡವೆನ್ನುತ್ತದೆ, ಕೆಮ್ಮುತ್ತದೆ. ಮನೆಯವರಿಗೆ ಅದು ನೆಗಡಿಯಂತೆಯೇ ಕಾಣುತ್ತದೆ. ಬೇಲೂರಿನಿಂದಾಗಲಿ ಅರಸೀಕೆರೆಯಿಂದಾಗಲಿ ಜಿಲ್ಲಾ ಕೇಂದ್ರ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಹಳ್ಳಿಯಿಂದ ಬಸ್ಸು ಹಿಡಿದು ಅಲ್ಲಿಗೆ ತಲುಪುವ ಹೊತ್ತಿಗೇ ಆ ಎರಡು ಗಂಟೆ ಕಳೆದಿರಬಹುದು. ಬಲವಾದ ಪುಟ್ಟ ಅಯಸ್ಕಾಂತದ ಮಣಿಗಳೂ ಹೀಗೇ. ಒಂದು ನುಂಗಿದರೆ ಸಾಮಾನ್ಯವಾಗಿ ಹೊರಬಂದುಬಿಡುತ್ತದೆ. ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಮಡಿಕೆಗಳಿಂದ ಒಂದನ್ನೊಂದು ಎಳೆದು, ನಡುವಿನ ಗೋಡೆಯನ್ನು ಹಿಸುಕಿ ತೂತು ಮಾಡುತ್ತವೆ. ನೀರಿನಲ್ಲಿ ಊದುವ ಬಣ್ಣದ ಮಣಿ ಸಾಸಿವೆಯಷ್ಟಿದ್ದು ಹೊಟ್ಟೆ ಸೇರಿ, ಅಲ್ಲಿ ಹಲವು ಪಟ್ಟು ಬೆಳೆದು ಕರುಳನ್ನು ಕಟ್ಟಬಹುದು. ಮೂರರಲ್ಲೂ ಅಪಾಯ ಹೊರಗಣ್ಣಿಗೆ ಕಾಣುವುದೇ ಇಲ್ಲ.

ಕಣ್ಣಿನ ಗಾಯಗಳ ಕಥೆ ಬೇರೆ. ಪ್ಲಾಸ್ಟಿಕ್ ಗುಂಡು ಹಗುರ. ಚರ್ಮಕ್ಕೆ ಬಡಿದರೆ ಕೆಂಪು ಗುರುತು, ಅಷ್ಟೇ. ಅದೇ ಗುಂಡು ಹತ್ತಿರದಿಂದ ಕಣ್ಣುಗುಡ್ಡೆಗೆ ಬಡಿದರೆ ಒಳಗೆ ರಕ್ತ ತುಂಬಬಹುದು, ಮಸೂರ ಸ್ಥಾನ ತಪ್ಪಬಹುದು, ಮುಂದೊಂದು ದಿನ ಪೊರೆ ಬರಬಹುದು. ಪೊರಕೆ ಕಡ್ಡಿಯ ಬಾಣ ಕಣ್ಣಿಗೆ ನೆಟ್ಟರೆ ಗುಡ್ಡೆಯೇ ಹರಿಯುತ್ತದೆ. ಪಟಾಕಿಯ ಗಾಯಗಳಿಗಾಗಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೂ ವಿಶೇಷ ಸಿದ್ಧತೆ ಮಾಡಿಕೊಳ್ಳಬೇಕಾಗಿ ಬಂದಿದೆ. ಅಲ್ಲಿಗೆ ಬರುವವರಲ್ಲಿ ಪಟಾಕಿ ಹಚ್ಚದೆ ಸುಮ್ಮನೆ ನೋಡುತ್ತ ನಿಂತಿದ್ದ ಮಕ್ಕಳೂ ಇರುತ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್ ಮತ್ತು ಸುತ್ತಲಿನ ಊರುಗಳಲ್ಲಿ ಕಾರ್ಬೈಡ್ ಗನ್ನಿನಿಂದ ನೂರಕ್ಕೂ ಹೆಚ್ಚು ಮಂದಿ ಕಣ್ಣಿಗೆ ಗಾಯ ಮಾಡಿಕೊಂಡರು, ಅವರಲ್ಲಿ ಬಹಳಷ್ಟು ಮಕ್ಕಳು. ಮಲೆನಾಡಿನ ತೋಟಗಳಲ್ಲಿ ಮಂಗ ಓಡಿಸಲು ಬಳಸುವ ಪಿವಿಸಿ ಪೈಪಿನ ಕೋವಿಯ ತಂತ್ರವೇ ಅದು. ಕ್ಯಾಲ್ಸಿಯಂ ಕಾರ್ಬೈಡಿನ ಹರಳಿಗೆ ನೀರು ಬಿದ್ದರೆ ವೆಲ್ಡಿಂಗಿಗೆ ಬಳಸುವ ಅಸಿಟಿಲೀನ್ ಅನಿಲ ಹುಟ್ಟುತ್ತದೆ, ಲೈಟರಿನ ಕಿಡಿ ತಾಗಿದರೆ ಸಿಡಿಯುತ್ತದೆ. ಸಿಡಿಯದಿದ್ದಾಗಲೇ ಅನಾಹುತ. ಯಾಕೆ ಸದ್ದು ಬರಲಿಲ್ಲ ಎಂದು ಮಗು ಪೈಪಿನೊಳಗೆ ಇಣುಕುತ್ತದೆ, ಆ ಕ್ಷಣದಲ್ಲಿ ಅದು ಮುಖಕ್ಕೇ ಹಾರುತ್ತದೆ. ಬೆಂಕಿಯ ಜೊತೆಗೆ ಸುಣ್ಣದಂಥ ಕ್ಷಾರವೂ ಕಣ್ಣಿಗೆ ಬಿದ್ದು ಪಾರದರ್ಶಕ ಪಟಲವನ್ನು ಸುಡುತ್ತದೆ. ತೋಟದ ಉಪಕರಣವೊಂದು ಆಟಿಕೆಯ ಹೆಸರಿನಲ್ಲಿ ಬೀದಿಗೆ ಬರಲು ಒಂದು ಹಬ್ಬ ಸಾಕಾಯಿತು. ನಮ್ಮ ತೋಟಗಳಲ್ಲಿ ಅದು ಈಗಾಗಲೇ ಇರುವುದರಿಂದ ನಾವು ಇನ್ನಷ್ಟು ಎಚ್ಚರವಾಗಿರಬೇಕು.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ಆಮದು ಆಟಿಕೆಗಳನ್ನು ಪರೀಕ್ಷೆಗೆ ಒಡ್ಡಿದಾಗ ಶೇ 66.9ರಷ್ಟು ಸೋತವು. 2020ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿತು. 2021ರ ಜನವರಿ 1ರಿಂದ ಅದು ಜಾರಿಗೆ ಬಂತು. 14 ವರ್ಷದೊಳಗಿನ ಮಕ್ಕಳ ಆಟಿಕೆ, ದೇಶದ್ದಾಗಲಿ ಹೊರಗಿನದಾಗಲಿ, ಭಾರತೀಯ ಮಾನಕ ಬ್ಯೂರೋದ ಐಎಸ್‌ಐ ಗುರುತು ಹೊಂದಿರಲೇಬೇಕು. ಸಾಮಾನ್ಯ ಆಟಿಕೆಗೆ ಐಎಸ್ 9873, ವಿದ್ಯುತ್ ಆಟಿಕೆಗೆ ಐಎಸ್ 15644 ಮಾನದಂಡ. ಅಂಚು ಚೂಪಾಗಿದೆಯೇ, ಭಾಗ ಕಳಚುತ್ತದೆಯೇ, ಬೆಂಕಿ ಹಿಡಿಯುತ್ತದೆಯೇ, ಬಣ್ಣದಲ್ಲಿ ಸೀಸದಂಥ ಲೋಹ ಇದೆಯೇ, ಬ್ಯಾಟರಿಯ ಮುಚ್ಚಳ ಮಗುವಿನ ಕೈಗೆ ಸುಲಭವಾಗಿ ತೆರೆಯುತ್ತದೆಯೇ ಎಂಬುದನ್ನೆಲ್ಲ ಈ ಮಾನದಂಡಗಳಡಿ ನೋಡುತ್ತಾರೆ. ಗುರುತಿಲ್ಲದೆ ಮಾರಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ ಅಥವಾ ಕನಿಷ್ಠ 2 ಲಕ್ಷ ರೂಪಾಯಿ ದಂಡ ವಿಧಿಸಬಹುದು. ದೊಡ್ಡ ನಗರಗಳ ಮಾಲು, ಗೋದಾಮುಗಳ ಮೇಲೆ ಬ್ಯೂರೋ ದಾಳಿ ನಡೆಸಿದ ಸುದ್ದಿ ಆಗಾಗ ಬರುತ್ತದೆ. ಮೂರು ದಿನ ಇದ್ದು ಎದ್ದುಹೋಗುವ ಜಾತ್ರೆ ಅಂಗಡಿಯನ್ನು ಬೆಂಗಳೂರಿನಲ್ಲಿ ಕೂತ ಅಧಿಕಾರಿ ಹಿಡಿಯಲಾರ. ಆ ಅಂಗಡಿಗೆ ಜಾಗ ಗೊತ್ತುಮಾಡಿ, ನೆಲಬಾಡಿಗೆ ಪಡೆಯುವವರು ಹಿಡಿಯಬಲ್ಲರು.

ಇದಕ್ಕೆ ಬರುವ ಮೊದಲ ಆಕ್ಷೇಪ: ಹೆತ್ತವರು ಎಚ್ಚರವಾಗಿದ್ದರೆ ಇದೆಲ್ಲ ಯಾಕೆ? ಎಚ್ಚರ ಬೇಕು, ನಿಜ. ಆದರೆ ಎಚ್ಚರಿಕೆಯೊಂದನ್ನೇ ನಂಬಿದ ಪ್ರಯೋಗ ಅಮೆರಿಕದಲ್ಲಿ ನಡೆದು ಸೋತಿದೆ. ಅಂಗಳದಲ್ಲಿ ಎಸೆದು ಆಡುವ, ಲೋಹದ ಮೊನೆಯ ದೊಡ್ಡ ಬಾಣಗಳನ್ನು ಲಾನ್ ಡಾರ್ಟ್ ಎಂದು ಅಲ್ಲಿ ಮಾರುತ್ತಿದ್ದರು. 1970ರಲ್ಲಿ ಬಂದ ನಿಯಮ ಅವನ್ನು ನಿಷೇಧಿಸಲಿಲ್ಲ. ಇದು ದೊಡ್ಡವರ ಆಟ ಎಂದು ಎಚ್ಚರಿಕೆ ಮುದ್ರಿಸಿ, ಆಟಿಕೆ ಅಂಗಡಿಯಲ್ಲಿ ಮಾರಬೇಡಿ ಎಂದಿತು. ಆಮೇಲೂ ಎಂಟು ವರ್ಷಗಳ ಅವಧಿಯಲ್ಲಿ ಸುಮಾರು 6,100 ಮಂದಿ ಗಾಯಗೊಂಡು ತುರ್ತು ಚಿಕಿತ್ಸೆಗೆ ಬಂದರೆಂದು ಅಂದಾಜು ಮಾಡಲಾಯಿತು, ಬಹುಪಾಲು ಮಕ್ಕಳು. 1987ರಲ್ಲಿ ಕ್ಯಾಲಿಫೋರ್ನಿಯಾದ ಏಳು ವರ್ಷದ ಬಾಲಕಿಯ ತಲೆಗೆ ಬಾಣ ನೆಟ್ಟು ಅವಳು ತೀರಿಕೊಂಡಳು. ಅವಳ ತಂದೆ ಪಟ್ಟು ಹಿಡಿದು ಹೋರಾಡಿದ. 1988ರ ಡಿಸೆಂಬರ್ 19ರಂದು ಮಾರಾಟ ಪೂರ್ತಿ ನಿಂತಿತು. ಪೊಟ್ಟಣದ ಮೇಲೆ ಮುದ್ರಿಸಿದ ಮಾತು ಹದಿನೆಂಟು ವರ್ಷ ಮಾಡಲಾಗದ ಕೆಲಸವನ್ನು ಮಾರಾಟದ ನಿಷೇಧ ಮಾಡಿತು. ನಮ್ಮಲ್ಲಂತೂ ಜಾತ್ರೆಯ ಆಟಿಕೆಗೆ ಪೊಟ್ಟಣವೇ ಇರುವುದಿಲ್ಲ, ಓದಲು ಎಚ್ಚರಿಕೆಯೂ ಇರುವುದಿಲ್ಲ. ಒಳಗೆ ಯಾವ ಬ್ಯಾಟರಿ ಇದೆಯೆಂದು ಗೊತ್ತೇ ಇಲ್ಲದ ತಾಯಿಯನ್ನು ಗಮನ ಕೊಡಲಿಲ್ಲ ಎಂದು ದೂರುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮ ಕಾಲದಲ್ಲಿ ಚಿನ್ನಿದಾಂಡು ಆಡಲಿಲ್ಲವೇ, ಮೊಳೆ ಬುಗುರಿ ಬಿಡಲಿಲ್ಲವೇ, ಕ್ಯಾಟರ್‌ಬಿಲ್ಲು ಹೊಡೆಯಲಿಲ್ಲವೇ, ಮಂಡಿ ಕೆತ್ತಿಸಿಕೊಂಡೇ ಬೆಳೆಯಲಿಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಆ ಆಟಗಳಲ್ಲೂ ಕಣ್ಣು ಹೋಗಿವೆ. ಹಾರಿಬಂದ ಚಿನ್ನಿ ಕಣ್ಣಿಗೆ ಬಡಿದ ಪ್ರಕರಣಗಳು ಭಾರತದ ಕಣ್ಣಿನ ವೈದ್ಯರಿಗೆ ಹೊಸವಲ್ಲ. ಹಳೆಯದೆಲ್ಲ ಒಳ್ಳೆಯದೆಂಬ ಮಾತನ್ನು ಆ ಮಕ್ಕಳ ಮುಂದೆ ಹೇಳಲಾಗದು. ಹಾಗಿದ್ದೂ ಈ ಪ್ರಶ್ನೆಯಲ್ಲಿ ಒಂದು ಸತ್ಯವಿದೆ. ಮಕ್ಕಳು ಮರ ಹತ್ತಬೇಕು, ಓಡಬೇಕು, ಬೀಳಬೇಕು. ಅಪಾಯವನ್ನು ಅಳೆಯುವ ಬುದ್ಧಿ ಹಾಗೇ ಬರುತ್ತದೆ. ಆದರೆ ಅಳೆಯಬೇಕಾದರೆ ಅಪಾಯ ಕಾಣಬೇಕು. ಕೊಂಬೆ ಎತ್ತರವಿದೆ, ಬುಗುರಿಯ ಮೊಳೆ ಚೂಪಾಗಿದೆ, ಚಿನ್ನಿ ತನ್ನತ್ತ ಬರುತ್ತಿದೆ ಎಂದು ಮಗುವಿಗೆ ತಿಳಿಯುತ್ತದೆ. ಒಂದು ಸಲ ಬಿದ್ದರೆ ಮತ್ತೊಂದು ಸಲ ಹುಷಾರಾಗುತ್ತದೆ. ಬ್ಯಾಟರಿ ನುಂಗಿದ ಎರಡು ವರ್ಷದ ಕೂಸು ಅದರಿಂದ ಕಲಿಯುವುದು ಏನೂ ಇಲ್ಲ. ನಾವು ತಡೆಯಬೇಕಾದದ್ದು ಈ ಅಡಗಿದ ಅಪಾಯವನ್ನು. ಅದನ್ನು ತಡೆದರೆ, ಕಾಣುವ ಅಪಾಯದೊಂದಿಗೆ ಆಡಲು ಮಕ್ಕಳನ್ನು ಧೈರ್ಯವಾಗಿ ಬಿಡಬಹುದು.

ಬಡ ವ್ಯಾಪಾರಿಯ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು ಮೂರನೆಯದು. ಊರೂರು ಅಲೆದು ಬಲೂನು ಮಾರುವವರ ಬದುಕು ಕಷ್ಟದ್ದೇ. ಅವರ ಗಾಡಿ ಮುಟ್ಟುಗೋಲು ಹಾಕಿ ಕೈ ತೊಳೆದುಕೊಳ್ಳುವುದು ಪರಿಹಾರವಲ್ಲ. ಸರಕು ಒದಗಿಸಿದ ಸಗಟು ವ್ಯಾಪಾರಿಯಿಂದ ಬಿಲ್ಲು ಕೇಳಿ, ಮೂಲವನ್ನು ಹಿಡಿಯಬೇಕು. ಸಣ್ಣ ಕೈಗಳನ್ನು ಕಾಯುವ ದಾರಿಯೂ ಕಾನೂನಿನಲ್ಲಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳ ಆಟಿಕೆಗೂ, ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗೂ ಐಎಸ್‌ಐ ಗುರುತಿನಿಂದ ವಿನಾಯಿತಿ ಉಂಟು. ಆಲೆ ಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಮಾಡುವ ಚನ್ನಪಟ್ಟಣದ ಗೊಂಬೆ ಈ ವಿನಾಯಿತಿಯಡಿ ಬರುತ್ತದೆ. ಈ ಗೊಂಬೆಗಳಿಗೆ ಬೇಲೂರು, ಹಳೇಬೀಡಿನ ಅಂಗಡಿ ಸಾಲಿನಲ್ಲಿ ಒಳ್ಳೆಯ ಜಾಗವನ್ನು ಕಡಿಮೆ ಬಾಡಿಗೆಗೆ ಕೊಡಬಹುದು. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಅಲ್ಲಿಗೆ ದೇಶವಿದೇಶದ ಕುಟುಂಬಗಳು ಬರುತ್ತಿವೆ. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಗರಿಯ ಗಿರಗಿಟ್ಲೆ, ಗರಿಯ ಪೀಪಿ ಮಾಡಬಲ್ಲ ಕೈಗಳೂ ಇವೆ. ಕೆಟ್ಟದ್ದನ್ನು ತೆಗೆದ ಜಾಗದಲ್ಲಿ ಇಡಲು ಒಳ್ಳೆಯದು ನಮ್ಮಲ್ಲಿಲ್ಲ ಎನ್ನುವಂತಿಲ್ಲ.

ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಜಾತ್ರೆಯಲ್ಲಿ ಅಂಗಡಿಗೆ ಜಾಗ ಕೊಡುವ ಪುರಸಭೆ, ಪಂಚಾಯಿತಿ, ದೇವಸ್ಥಾನದ ಆಡಳಿತ ತಮ್ಮ ಕರಾರಿನಲ್ಲಿ ಒಂದು ಷರತ್ತು ಸೇರಿಸಬೇಕು: ಗುಂಡು ಹಾರುವ ಪಿಸ್ತೂಲು, ಕಾರ್ಬೈಡ್ ಗನ್ನು, ಬಿಡಿ ಅಯಸ್ಕಾಂತದ ಮಣಿ, ನೀರಿನಲ್ಲಿ ಊದುವ ಮಣಿ, ಸ್ಕ್ರೂ ಇಲ್ಲದ ಬ್ಯಾಟರಿ ಮುಚ್ಚಳದ ಆಟಿಕೆ ಮಾರುವಂತಿಲ್ಲ. ಜಾತ್ರೆಯ ಮೊದಲ ದಿನ ಬೆಳಿಗ್ಗೆ ಒಬ್ಬ ಆರೋಗ್ಯ ನಿರೀಕ್ಷಕರು ಸಾಲಿನಲ್ಲಿ ನಡೆದು ಬಂದರೆ ಇದು ಪಾಲನೆಯಾಗುತ್ತದೆ. ಕೊಳ್ಳುವವರು ಐಎಸ್‌ಐ ಗುರುತಿನ ಕೆಳಗಿನ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಅಸಲಿಯೇ ಎಂದು ನೋಡಬಹುದು. ಗಾಯವಾದಾಗ ಮಾಡಬೇಕಾದದ್ದನ್ನೂ ಅಲ್ಲೇ ಫಲಕದಲ್ಲಿ ಬರೆಸಲಿ. ಕಣ್ಣಿಗೆ ಪೆಟ್ಟಾದರೆ ಉಜ್ಜಬೇಡಿ, ಎದೆಹಾಲು, ಹರಳೆಣ್ಣೆ ಬಿಡಬೇಡಿ, ಒತ್ತದಂತೆ ಮೇಲೊಂದು ಕಾಗದದ ಲೋಟ ಮುಚ್ಚಿ ಕಣ್ಣಿನ ವೈದ್ಯರ ಬಳಿ ಹೋಗಿ. ಕಾರ್ಬೈಡ್, ಸುಣ್ಣ ಬಿದ್ದಿದ್ದರೆ ಮಾತ್ರ ಮೊದಲು ಧಾರಾಳ ನೀರಿನಲ್ಲಿ ತೊಳೆಯಿರಿ. ಬ್ಯಾಟರಿ ನುಂಗಿದ ಅನುಮಾನವಿದ್ದರೆ ವಾಂತಿ ಮಾಡಿಸಬೇಡಿ, ಊಟ ಕೊಡಬೇಡಿ, ಕೂಡಲೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೊರಡಿ. ಒಂದು ವರ್ಷ ದಾಟಿದ ಮಗು ನುಂಗಬಲ್ಲ ಸ್ಥಿತಿಯಲ್ಲಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನುತುಪ್ಪ ಕೊಡಬಹುದು, ಅದಕ್ಕಾಗಿ ನಿಲ್ಲಬೇಡಿ. ಜಾತ್ರೆಗಳಲ್ಲಿ ಕುಡಿಯುವ ನೀರು, ಪ್ರಸಾದದ ಶುದ್ಧತೆ ನೋಡುವುದು ಆಡಳಿತದ ಕೆಲಸವೆಂದು ನಾವೆಲ್ಲ ಒಪ್ಪಿದ್ದೇವೆ. ಮಗು ಕೈಗೆತ್ತಿಕೊಂಡು ಬಾಯಿಗೂ ಇಡುವ ಆಟಿಕೆ ಆ ಪಟ್ಟಿಯಿಂದ ಹೊರಗುಳಿಯಲು ಯಾವ ಕಾರಣವೂ ಇಲ್ಲ. ಮುಂದಿನ ಜಾತ್ರೆಯ ಕರಾರು ಪತ್ರದಲ್ಲೇ ಆ ಸಾಲು ಸೇರಲಿ.